ಕ್ಯಾನ್ಸರ್ ಸಂಶೋಧನೆಗೆ ಹಣ ಕೇಳಲು ಕ್ಯಾಪಿಟಲ್ ಹಿಲ್‌ಗೆ ಹೊರಟಿದ್ದೀರಾ? ಇದನ್ನು ಓದಿಕೊಂಡು ಹೋಗಿ

ಅಮೆರಿಕದಲ್ಲಿರುವ ಕನ್ನಡಿಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ನಾನು ಸಿಟಿಜನ್ ಅಲ್ಲ, ಸಂಸದರ ಕಚೇರಿಗೆ ಹೋಗಬಹುದಾ? ಹೋದರೆ ಏನು ಮಾತಾಡಬೇಕು? ಅಮ್ಮನಿಗೆ ಚಿಕಿತ್ಸೆ ಆಗಿದ್ದು ಬೆಂಗಳೂರಲ್ಲಿ, ಆ ಕತೆ ಇಲ್ಲಿ ನಡೆಯುತ್ತಾ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹೆಚ್ಚಿನ ಸ್ವಯಂಸೇವಕರು ತಮ್ಮ ಕತೆಯನ್ನು ಚೆನ್ನಾಗಿಯೇ ಹೇಳುತ್ತಾರೆ. ಆದರೆ ಎಷ್ಟು ಹಣ, ಯಾವ ಲೆಕ್ಕಕ್ಕೆ ಬೇಕು ಅಂತ ಕೇಳದೆ ಎದ್ದು ಬಂದುಬಿಡುತ್ತಾರೆ. ಇಲ್ಲವೇ ಕೇಳುವ ಕಾಲ ಮುಗಿದ ಮೇಲೆ ಹೋಗಿ ಕೇಳುತ್ತಾರೆ. ಹಾಗಾಗಿ ಈ ಲೇಖನದಲ್ಲಿ ಮೊತ್ತ ಮತ್ತು ಕ್ಯಾಲೆಂಡರಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹೊಸಬರಿಗೆ ಇನ್ನೊಂದು ಮಾತು. ಇಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಅಮೆರಿಕದ ಸಂಸತ್ತು. ಅದರ ಕಟ್ಟಡ ಕ್ಯಾಪಿಟಲ್, ವಾಷಿಂಗ್ಟನ್ನಿನಲ್ಲಿ ಅದು ಇರುವ ಜಾಗ ಕ್ಯಾಪಿಟಲ್ ಹಿಲ್. ಕಾಂಗ್ರೆಸ್ಸಿನಲ್ಲಿ 435 ಸದಸ್ಯರ ಹೌಸ್, 100 ಸದಸ್ಯರ ಸೆನೆಟ್ ಎರಡೂ ಇವೆ. ಯಾವುದೇ ರಾಜ್ಯದಲ್ಲಿದ್ದರೂ ನಿಮಗೆ ಒಬ್ಬ ಹೌಸ್ ಸದಸ್ಯರು, ಇಬ್ಬರು ಸೆನೆಟರ್‌ಗಳು ಇರುತ್ತಾರೆ.

ಇದರಿಂದ ಏನಾದರೂ ಆಗುತ್ತಾ?

ಆಗುತ್ತದೆ, ಆಗಿದೆ ಕೂಡ. 1960ರ ದಶಕದ ಕೊನೆಯಲ್ಲಿ ಮೇರಿ ಲಾಸ್ಕರ್ ಎಂಬ ಮಹಿಳೆ ಮತ್ತು ಮಕ್ಕಳ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಚಿಕಿತ್ಸೆಗೆ ಹೆಸರಾದ ಡಾಕ್ಟರ್ ಸಿಡ್ನಿ ಫಾರ್ಬರ್ ಕ್ಯಾನ್ಸರ್ ಸಂಶೋಧನೆಗೆ ಹಣ ಕೊಡಿ ಎಂದು ವಾಷಿಂಗ್ಟನ್ನಿನ ಬೆನ್ನು ಹತ್ತಿದರು. 1969ರಲ್ಲಿ ದೊಡ್ಡ ಪತ್ರಿಕೆಗಳಲ್ಲಿ ಪುಟ ತುಂಬಾ ಜಾಹೀರಾತು ಹಾಕಿಸಿದರು. 1971ರಲ್ಲಿ ಆನ್ ಲ್ಯಾಂಡರ್ಸ್ ಎಂಬ ಹೆಸರಾಂತ ಅಂಕಣಕಾರ್ತಿ ಓದುಗರಿಗೆ ನಿಮ್ಮ ಸೆನೆಟರ್‌ಗಳಿಗೆ ಕಾಗದ ಬರೆಯಿರಿ ಎಂದಾಗ ಸೆನೆಟ್ ಕಚೇರಿಗಳು ಕಾಗದಗಳಲ್ಲಿ ಮುಳುಗಿಹೋದವು. ಅದೇ ವರ್ಷ ಡಿಸೆಂಬರ್ 23ರಂದು ಅಧ್ಯಕ್ಷ ನಿಕ್ಸನ್ ರಾಷ್ಟ್ರೀಯ ಕ್ಯಾನ್ಸರ್ ಕಾಯ್ದೆಗೆ ಸಹಿ ಹಾಕಿದರು.

ನನಗೆ ಅದಕ್ಕಿಂತ ಇಷ್ಟವಾದ ಉದಾಹರಣೆ ಇನ್ನೊಂದಿದೆ. 1991ರಲ್ಲಿ ಸ್ತನ ಕ್ಯಾನ್ಸರ್ ರೋಗಿಗಳೇ ಸೇರಿಕೊಂಡು ನ್ಯಾಷನಲ್ ಬ್ರೆಸ್ಟ್ ಕ್ಯಾನ್ಸರ್ ಕೊಯಲಿಷನ್ ಕಟ್ಟಿದರು. ಮರುವರ್ಷವೇ ಅವರ ಒತ್ತಾಯಕ್ಕೆ ಕಾಂಗ್ರೆಸ್ ಸ್ತನ ಕ್ಯಾನ್ಸರ್ ಸಂಶೋಧನೆಗೆ 21 ಕೋಟಿ ಡಾಲರ್ ಕೊಟ್ಟಿತು. ವಿಚಿತ್ರ ಅಂದರೆ ಆ ಹಣ ಬಂದಿದ್ದು ರಕ್ಷಣಾ ಇಲಾಖೆಯ ಬಜೆಟ್ಟಿನಿಂದ. ಆ ಕಾರ್ಯಕ್ರಮ ಈಗಲೂ ಇದೆ. ಯಾವ ಸಂಶೋಧನೆಗೆ ಹಣ ಕೊಡಬೇಕು ಎಂದು ತೀರ್ಮಾನಿಸುವ ಸಮಿತಿಗಳಲ್ಲಿ ವಿಜ್ಞಾನಿಗಳ ಪಕ್ಕದಲ್ಲಿ ರೋಗಿಗಳೂ ಕೂರುತ್ತಾರೆ. ಹಣ ಎಲ್ಲಿದೆ ಎಂದು ಹುಡುಕಿಕೊಂಡು ಹೋದವರಿಗೆ ಸಿಕ್ಕಿದ್ದು ಅದು.

1. ನೀವು ಹೋಗಬಹುದಾ, ಮೊದಲು ನೋಡಿಕೊಳ್ಳಿ

ಹೋಗಬಹುದು. ಹೌಸ್ ಸದಸ್ಯರು ತಮ್ಮ ಜಿಲ್ಲೆಯಲ್ಲಿ, ಅಂದರೆ ಚುನಾವಣಾ ಕ್ಷೇತ್ರದಲ್ಲಿ, ವಾಸವಿರುವ ಎಲ್ಲರನ್ನೂ ಪ್ರತಿನಿಧಿಸುತ್ತಾರೆ, ಓಟು ಇದ್ದವರನ್ನು ಮಾತ್ರ ಅಲ್ಲ. ಎಚ್-1ಬಿ, ಗ್ರೀನ್ ಕಾರ್ಡ್, ವಿದ್ಯಾರ್ಥಿ ವೀಸಾ, ಯಾವುದೇ ಇರಲಿ, ಸಂಸದರ ಕಚೇರಿಗೆ ಹೋಗಿ ಮನವಿ ಕೊಡುವುದಕ್ಕೆ ಅಡ್ಡಿ ಇಲ್ಲ. ಸಂಬಳ ಪಡೆಯದ ಸ್ವಯಂಸೇವಕರು ಲಾಬಿಯಿಸ್ಟ್ (ಶಾಸಕರ ಬಳಿ ಬೇಡಿಕೆ ಒಯ್ಯುವುದನ್ನೇ ವೃತ್ತಿ ಮಾಡಿಕೊಂಡವರು) ಎಂದು ನೋಂದಾಯಿಸಿಕೊಳ್ಳಬೇಕಾಗಿಲ್ಲ. ಕಚೇರಿಯಲ್ಲಿ ಯಾರೂ ನಿಮ್ಮ ವೀಸಾ ಕೇಳುವುದಿಲ್ಲ, ಊರು ಮತ್ತು ಜಿಪ್ ಕೋಡ್ ಕೇಳುತ್ತಾರೆ. ಆದರೂ ವೀಸಾ ವಿಚಾರದಲ್ಲಿ ಅಳುಕಿದ್ದರೆ ನಿಮ್ಮ ವಕೀಲರನ್ನು ಕೇಳಿ ಹೊರಡಿ.

ಕೆಲವು ಕಡೆ ಎಚ್ಚರ ಬೇಕು. ಗ್ರೀನ್ ಕಾರ್ಡ್ ಕೂಡ ಇಲ್ಲದವರು ಚುನಾವಣಾ ಪ್ರಚಾರಕ್ಕೆ ಹಣ ಕೊಡುವುದು ಕಾನೂನಿಗೆ ವಿರುದ್ಧ. ಮನವಿ ಬೇರೆ, ದೇಣಿಗೆ ಬೇರೆ. ನಿಧಿಸಂಗ್ರಹದ ಊಟಕ್ಕೆ ಕರೆದರೆ ನಯವಾಗಿ ತಪ್ಪಿಸಿಕೊಳ್ಳಿ.

ನಮ್ಮವರಲ್ಲಿ ವಿಶ್ವವಿದ್ಯಾಲಯದ ಲ್ಯಾಬುಗಳಲ್ಲಿ ಕೆಲಸ ಮಾಡುವವರು ಜಾಸ್ತಿ. ಸರ್ಕಾರದ ಅನುದಾನದಲ್ಲಿ ನಡೆಯುವ ಲ್ಯಾಬಿನವರಾದರೆ ಆ ಅನುದಾನದ ಹಣದಲ್ಲಿ ಟಿಕೆಟ್ ತೆಗೆಯಬೇಡಿ, ಆಫೀಸಿನ ಇಮೇಲ್ ಬಳಸಬೇಡಿ. ರಜೆ ಹಾಕಿ, ಸ್ವಂತ ಖರ್ಚಿನಲ್ಲಿ, ಸ್ವಂತ ಹೆಸರಲ್ಲಿ ಹೋಗಿ. ಕೇಂದ್ರ ಸರ್ಕಾರದ ನೌಕರರಿಗೆ ನಿಯಮ ಇನ್ನೂ ಬಿಗಿ. ನಿಮ್ಮ ಸಂಸ್ಥೆಯ ಎಥಿಕ್ಸ್ ಆಫೀಸನ್ನು ಮೊದಲೇ ವಿಚಾರಿಸಿ.

ಕನ್ನಡ ಕೂಟದ ಲೆಟರ್‌ಹೆಡ್‌ನಲ್ಲಿ ಮನವಿ ಬರೆಯೋಣ ಅಂತ ಕೆಲವರು ಉತ್ಸಾಹ ತೋರಿಸುತ್ತಾರೆ. ಹೆಚ್ಚಿನ ಕೂಟಗಳು ತೆರಿಗೆ ವಿನಾಯಿತಿ ಪಡೆದ ದತ್ತಿ ಸಂಸ್ಥೆಗಳು. ಅವು ಒಂದು ಮಿತಿಯೊಳಗೆ ಲಾಬಿ ಮಾಡಬಹುದು, ಆದರೆ ಅಭ್ಯರ್ಥಿಗಳ ಪರ ನಿಲ್ಲುವಂತಿಲ್ಲ. ಕಾರ್ಯಕಾರಿ ಸಮಿತಿಯ ಒಪ್ಪಿಗೆ ಇಲ್ಲದೆ ಕೂಟದ ಹೆಸರು ಬಳಸಬೇಡಿ. ಆ ಜಗಳ ಕ್ಯಾನ್ಸರಿಗಿಂತ ಬೇಗ ಹರಡುತ್ತೆ.

2. ನಿಮ್ಮ ಸಂಸದರು ಯಾರು, ಪತ್ತೆ ಮಾಡಿ

ಹೌಸ್ ಮತ್ತು ಸೆನೆಟ್‌ನ ಅಧಿಕೃತ ವೆಬ್‌ಸೈಟುಗಳಲ್ಲಿ ಹುಡುಕಬಹುದು. ಒಂದೇ ಜಿಪ್ ಕೋಡ್ ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿರುವುದು ಉಂಟು, ಹಾಗಾಗಿ ಪೂರ್ತಿ ವಿಳಾಸ ಹಾಕಿ ನೋಡಿ. ಕ್ಷೇತ್ರಗಳ ಗಡಿ ಆಗಾಗ ಬದಲಾಗುತ್ತದೆ. ಹೋದ ಸಲದ ಸದಸ್ಯರೇ ಈಗಲೂ ನಿಮ್ಮವರು ಎಂದುಕೊಳ್ಳಬೇಡಿ.

ಭಾರತೀಯ ಹೆಸರು ನೋಡಿ ಅವರ ಕಚೇರಿಗೇ ಹೋಗೋಣ ಅನ್ನುವವರಿದ್ದಾರೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ಹೌಸ್‌ಗೆ ಗೆದ್ದಾಗ ನಮ್ಮವರಿಗೆಲ್ಲ ಖುಷಿ ಆಯಿತು, ಸರಿ. ಆದರೆ ನೀವು ಟೆಕ್ಸಸ್‌ನಲ್ಲಿದ್ದು ಮಿಷಿಗನ್ ಸದಸ್ಯರ ಬಾಗಿಲು ತಟ್ಟಿದರೆ ಅವರ ಸಿಬ್ಬಂದಿ ನಿಮ್ಮ ಸದಸ್ಯರನ್ನು ನೋಡಿ ಅಂತ ಕಳಿಸುತ್ತಾರೆ. ಈ ಊರಲ್ಲಿ ಬೆಲೆ ಇರುವುದು ಜಿಪ್ ಕೋಡಿಗೆ.

ನಿಮ್ಮವರು ಅಪ್ರೋಪ್ರಿಯೇಷನ್ಸ್ ಸಮಿತಿಯಲ್ಲಿ ಇದ್ದಾರಾ ಅಂತಲೂ ನೋಡಿ. ಅದು ಸರ್ಕಾರದ ಹಣ ಹಂಚುವ ಸಮಿತಿ. ಇದ್ದರೆ ನಿಮ್ಮ ಭೇಟಿಯ ತೂಕವೇ ಬೇರೆ.

3. ಒಂದು ಸಂಸ್ಥೆಯ ಜೊತೆ ಸೇರಿಕೊಳ್ಳಿ

ಒಬ್ಬರೇ ಹೋಗಬಹುದು. ಆದರೆ ಮೊದಲ ಸಲ ಹಾಗೆ ಮಾಡಬೇಡಿ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಗೆ ಕ್ಯಾನ್ಸರ್ ಆಕ್ಷನ್ ನೆಟ್‌ವರ್ಕ್ ಎಂಬ ಬೇರೆಯೇ ಅಂಗವಿದೆ. 2001ರಲ್ಲಿ ಶುರುವಾದ ಇದರ ಕೆಲಸವೇ ಶಾಸಕರ ಜೊತೆ ಮಾತಾಡುವುದು. ಯಾವ ಪಕ್ಷಕ್ಕೂ ಸೇರಿಲ್ಲ. ಪ್ರತಿ ವರ್ಷ, ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ದೇಶದ ಮೂಲೆಮೂಲೆಯ ಸ್ವಯಂಸೇವಕರನ್ನು ವಾಷಿಂಗ್ಟನ್ನಿಗೆ ಕರೆಸಿ ಲಾಬಿ ದಿನ ನಡೆಸುತ್ತದೆ. ಸ್ತನ ಕ್ಯಾನ್ಸರಿಗೆ ಮೇಲೆ ಹೇಳಿದ ಕೊಯಲಿಷನ್ ಇದೆ. ಮಕ್ಕಳ ಕ್ಯಾನ್ಸರಿಗೆ ಅಲಯನ್ಸ್ ಫಾರ್ ಚೈಲ್ಡ್‌ಹುಡ್ ಕ್ಯಾನ್ಸರ್ ಇದೆ. ಅದೂ ಆಕ್ಷನ್ ಡೇಸ್ ಎಂಬ ಲಾಬಿ ದಿನಗಳನ್ನು ನಡೆಸುತ್ತದೆ.

ಸಂಸ್ಥೆಯವರು ಅಪಾಯಿಂಟ್‌ಮೆಂಟ್ ತೆಗೆದುಕೊಡುತ್ತಾರೆ, ತರಬೇತಿ ಕೊಡುತ್ತಾರೆ, ಆ ವರ್ಷದ ಬೇಡಿಕೆ ಏನು ಅಂತ ಒಂದು ಹಾಳೆ ಕೊಡುತ್ತಾರೆ. ಪ್ರಯಾಣ, ಹೋಟೆಲ್ ಖರ್ಚು ಯಾರದ್ದು ಅಂತ ಸೇರುವ ಮೊದಲೇ ಕೇಳಿ. ಒಂದೊಂದು ಕಡೆ ಒಂದೊಂದು ಪದ್ಧತಿ.

ಎಚ್ಚರ: ಗುಂಪಿನಲ್ಲಿ ಹೋದಾಗ ಗುಂಪಿನ ಬೇಡಿಕೆಯನ್ನೇ ಕೇಳಬೇಕು. ನಿಮಗೆ ವೀಸಾ ಬ್ಯಾಕ್‌ಲಾಗ್ ಬಗ್ಗೆ ಎಷ್ಟೇ ಸಿಟ್ಟಿರಲಿ, ಭೇಟಿಗೆ ಸಿಗುವ ಇಪ್ಪತ್ತು ನಿಮಿಷದಲ್ಲಿ ಅದನ್ನು ಎತ್ತಬೇಡಿ.

4. ಹಣ ಹೇಗೆ ಹರಿಯುತ್ತದೆ, ತಿಳಿದುಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಕ್ಯಾನ್ಸರ್ ಸಂಶೋಧನೆಗೆ ಅಮೆರಿಕ ಸರ್ಕಾರದ ದೊಡ್ಡ ಹಣ ಹೋಗುವುದು ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ಗೆ. ಎಲ್ಲರೂ ಎನ್‌ಸಿಐ ಅನ್ನುತ್ತಾರೆ. 1937ರಲ್ಲಿ ಹುಟ್ಟಿದ ಈ ಸಂಸ್ಥೆ ಈಗ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್, ಅಂದರೆ ಎನ್‌ಐಎಚ್‌ನ ಅಡಿಯಲ್ಲಿದೆ. ಎನ್‌ಐಎಚ್‌ನ 27 ಸಂಸ್ಥೆ, ಕೇಂದ್ರಗಳಲ್ಲಿ ಎನ್‌ಸಿಐ ಅತಿ ದೊಡ್ಡದು. 2024ರ ಆರ್ಥಿಕ ವರ್ಷದಲ್ಲಿ ಅದಕ್ಕೆ ಸಿಕ್ಕಿದ್ದು ಸುಮಾರು 722 ಕೋಟಿ ಡಾಲರ್. ಅದರ ಹಿಂದಿನ ವರ್ಷ ಸುಮಾರು 732 ಕೋಟಿ ಇತ್ತು. ಯಾಕೆ ಇಳಿಯಿತು? 2016ರ ಒಂದು ಕಾನೂನು ಕ್ಯಾನ್ಸರ್ ಮೂನ್‌ಶಾಟ್ ಎಂಬ ಯೋಜನೆಗೆ ಏಳು ವರ್ಷಕ್ಕೆ 180 ಕೋಟಿ ಡಾಲರ್ ಇಟ್ಟಿತ್ತು. ಆ ಏಳು ವರ್ಷ 2023ಕ್ಕೆ ಮುಗಿಯಿತು. ಆ ಜಾಗವನ್ನು ಮಾಮೂಲಿ ಬಜೆಟ್ ಪೂರ್ತಿ ತುಂಬಲಿಲ್ಲ.

ಈ ಹಣದ ಬಹುಪಾಲು ದೇಶದ ವಿಶ್ವವಿದ್ಯಾಲಯಗಳಿಗೆ, ಆಸ್ಪತ್ರೆಗಳಿಗೆ ಅನುದಾನವಾಗಿ ಹೋಗುತ್ತದೆ. ಇಲ್ಲಿ ನಿಮಗೆ ಪೇಲೈನ್ ಎಂಬ ಮಾತು ಕಿವಿಗೆ ಬೀಳುತ್ತದೆ. ವಿಜ್ಞಾನಿಗಳು ಹಾಕಿದ ಅರ್ಜಿಗಳನ್ನು ತಜ್ಞರು ಸಾಲಾಗಿ ಜೋಡಿಸುತ್ತಾರೆ. ಆ ಸಾಲಿನಲ್ಲಿ ಮೇಲಿನಿಂದ ಎಲ್ಲಿಯವರೆಗೆ ಹಣ ಸಿಗುತ್ತದೋ ಆ ಗೆರೆಯೇ ಪೇಲೈನ್. ಎನ್‌ಸಿಐನ ಮುಖ್ಯ ಅನುದಾನಕ್ಕೆ 2024ರಲ್ಲಿ ಅದು 10ರಲ್ಲಿತ್ತು. ಅಂದರೆ ಮೇಲಿನ ಶೇ. 10ರೊಳಗೆ ಬಂದ ಅರ್ಜಿಗೆ ಹಣ. 2025ರಲ್ಲಿ 4ಕ್ಕೆ ಇಳಿಯಿತು. ಅನುದಾನದ ಹಲವು ವರ್ಷಗಳ ಹಣವನ್ನು ಒಟ್ಟಿಗೆ ಮೊದಲೇ ಕೊಡಬೇಕು ಎಂಬ ಹೊಸ ಪದ್ಧತಿ ಇದಕ್ಕೆ ದೊಡ್ಡ ಕಾರಣ. ಒಬ್ಬೊಬ್ಬರಿಗೆ ಒಟ್ಟಿಗೇ ಕೊಟ್ಟಾಗ ಆ ವರ್ಷ ಕಡಿಮೆ ಜನರಿಗೆ ಸಿಗುತ್ತದೆ. ಒಳ್ಳೆಯ ಲ್ಯಾಬುಗಳು ಯಾಕೆ ಒದ್ದಾಡುತ್ತಿವೆ ಅಂತ ಯಾರಾದರೂ ಕೇಳಿದರೆ ಈ ಒಂದು ಸಂಖ್ಯೆ ಸಾಕು.

ಇನ್ನು ಎರಡು ಥರದ ಕಾನೂನು. ಆಥರೈಸೇಷನ್ ಅಂದರೆ ಇಂಥ ಕೆಲಸ ಮಾಡಬಹುದು ಅಂತ ಅನುಮತಿ ಕೊಡುವ ಕಾನೂನು. ಅಪ್ರೋಪ್ರಿಯೇಷನ್ ಅಂದರೆ ಆ ವರ್ಷ ಇಷ್ಟು ದುಡ್ಡು ಅಂತ ಕೊಡುವ ಕಾನೂನು. ಮೊದಲನೆಯದು ಪಾಸಾದರೂ ಎರಡನೆಯದು ಇಲ್ಲದೆ ಪೈಸೆ ಬರುವುದಿಲ್ಲ. ಎನ್‌ಸಿಐ ಹಣ ಬರುವುದು ಕಾರ್ಮಿಕ, ಆರೋಗ್ಯ, ಶಿಕ್ಷಣ ಮೂರನ್ನೂ ಸೇರಿಸಿದ ಒಂದು ಅಪ್ರೋಪ್ರಿಯೇಷನ್ ಮಸೂದೆಯಿಂದ. ವಾಷಿಂಗ್ಟನ್ನಿನಲ್ಲಿ ಚಿಕ್ಕದಾಗಿ ಲೇಬರ್-ಎಚ್ ಅನ್ನುತ್ತಾರೆ. ನೀವೂ ಹಾಗೇ ಅನ್ನಿ, ಎದುರಿನವರು ಸರಿಯಾಗಿ ಕೂತು ಕೇಳುತ್ತಾರೆ.

ಅಧ್ಯಕ್ಷರ ಬಜೆಟ್ ನೋಡಿ ಗಾಬರಿಯಾಗಬೇಡಿ. ಅದು ಪ್ರಸ್ತಾಪ ಮಾತ್ರ. 2026ರ ಆರ್ಥಿಕ ವರ್ಷಕ್ಕೆ ಎನ್‌ಐಎಚ್ ಹಣವನ್ನು ಸುಮಾರು ಶೇ. 40 ಕಡಿಮೆ ಮಾಡಬೇಕು ಎಂಬ ಪ್ರಸ್ತಾಪ ಅಧ್ಯಕ್ಷರ ಕಡೆಯಿಂದ ಬಂತು. 2025ರ ಜುಲೈ ಕೊನೆಯಲ್ಲಿ ಸೆನೆಟ್ ಸಮಿತಿ ಅದನ್ನು ಬದಿಗಿಟ್ಟು 40 ಕೋಟಿ ಡಾಲರ್ ಹೆಚ್ಚಿಸುವ ಮಸೂದೆಗೆ ಒಪ್ಪಿತು. ಅದರಲ್ಲಿ 15 ಕೋಟಿ ಕ್ಯಾನ್ಸರಿಗೆ. ಎರಡೂ ಪಕ್ಷದವರು ಕೈ ಎತ್ತಿದರು. ಕ್ಯಾನ್ಸರ್ ವಿಷಯದಲ್ಲಿ ಮಾತ್ರ ಈ ಥರ ಒಗ್ಗಟ್ಟು ಈಗಲೂ ಸಾಧ್ಯ, ಅದನ್ನು ಬಳಸಿಕೊಳ್ಳಿ.

ಇನ್ನು ಕ್ಯಾಲೆಂಡರ್. ಆರ್ಥಿಕ ವರ್ಷ ಅಕ್ಟೋಬರ್ 1ಕ್ಕೆ ಶುರು. ಅಧ್ಯಕ್ಷರ ಪ್ರಸ್ತಾಪ ಫೆಬ್ರವರಿಯಲ್ಲಿ ಬರಬೇಕು, ತಡವಾಗುವುದೇ ಹೆಚ್ಚು. ಅದರ ಹಿಂದುಮುಂದು ಪ್ರತಿಯೊಬ್ಬ ಸದಸ್ಯರ ಕಚೇರಿಯೂ ತಮ್ಮ ಕ್ಷೇತ್ರದ ಜನರಿಂದ ಹಣದ ಬೇಡಿಕೆಗಳನ್ನು ತೆಗೆದುಕೊಳ್ಳುತ್ತದೆ, ಕೊನೆಯ ದಿನಾಂಕ ಇರುತ್ತದೆ. ಇದೇ ಹೊತ್ತಿಗೆ ಡಿಯರ್ ಕಲೀಗ್ ಪತ್ರಗಳು ಓಡಾಡುತ್ತವೆ. ಒಬ್ಬ ಸದಸ್ಯರು ಎನ್‌ಸಿಐಗೆ ಇಷ್ಟು ಕೊಡಿ ಅಂತ ಸಮಿತಿಗೆ ಪತ್ರ ಬರೆದು ಉಳಿದವರ ಸಹಿ ಕೇಳುವುದು ಇದು. ಬೇಸಿಗೆಯಲ್ಲಿ ಸಮಿತಿಗಳು ಮಸೂದೆ ತಿದ್ದುತ್ತವೆ. ಆಗಸ್ಟ್ ಪೂರ್ತಿ ಸದಸ್ಯರು ತಮ್ಮ ಊರಲ್ಲಿ. ಸೆಪ್ಟೆಂಬರ್ 30ರೊಳಗೆ ಮಸೂದೆ ಪಾಸಾಗದಿದ್ದರೆ ಕಂಟಿನ್ಯೂಯಿಂಗ್ ರೆಸಲ್ಯೂಷನ್, ಅಂದರೆ ಹಳೇ ಮೊತ್ತದಲ್ಲೇ ತಾತ್ಕಾಲಿಕವಾಗಿ ನಡೆಸುವ ಕಾನೂನು ಬೇಕು. ಅದೂ ಇಲ್ಲದಿದ್ದರೆ ಸರ್ಕಾರದ ಬಾಗಿಲೇ ಮುಚ್ಚುತ್ತದೆ. 2025ರ ಅಕ್ಟೋಬರ್ 1ರಿಂದ 43 ದಿನ ಹಾಗೇ ಆಯಿತು.

ತಾತ್ಕಾಲಿಕ ಅಂದರೆ ತೊಂದರೆ ಇಲ್ಲ ಅಂದುಕೊಳ್ಳಬೇಡಿ. 2025ರಲ್ಲಿ ವರ್ಷಪೂರ್ತಿಗೆ ಇಂಥ ಕಾನೂನು ಬಂದಾಗ ರಕ್ಷಣಾ ಇಲಾಖೆಯ ವೈದ್ಯಕೀಯ ಸಂಶೋಧನಾ ಕಾರ್ಯಕ್ರಮಗಳು ಸುಮಾರು 150 ಕೋಟಿ ಡಾಲರಿನಿಂದ 65 ಕೋಟಿಗೆ ಇಳಿದವು. ಮೇಲೆ ಹೇಳಿದ ಸ್ತನ ಕ್ಯಾನ್ಸರ್ ಕಾರ್ಯಕ್ರಮ ಇರುವುದು ಅದೇ ಗುಂಪಿನಲ್ಲಿ.

5. ಬೇಡಿಕೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಸ್ವಯಂಸೇವಕರು ಇದನ್ನು ಆಸ್ಕ್ ಅನ್ನುತ್ತಾರೆ. ಅದರಲ್ಲಿ ಖಾತೆಯ ಹೆಸರು, ವರ್ಷ, ಮೊತ್ತ, ಸದಸ್ಯರು ಮಾಡಬೇಕಾದ ಕೆಲಸ ನಾಲ್ಕೂ ಇರಬೇಕು. "ಮುಂದಿನ ಆರ್ಥಿಕ ವರ್ಷದ ಲೇಬರ್-ಎಚ್ ಮಸೂದೆಯಲ್ಲಿ ಎನ್‌ಸಿಐಗೆ ಇಷ್ಟು ಡಾಲರ್ ಕೊಡಲು ಸಮಿತಿಗೆ ಹೋಗುವ ಪತ್ರಕ್ಕೆ ನೀವು ಸಹಿ ಹಾಕುತ್ತೀರಾ?" ಇಷ್ಟೇ. "ಕ್ಯಾನ್ಸರ್ ಸಂಶೋಧನೆಗೆ ಬೆಂಬಲ ಕೊಡಿ" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಕ್ಯಾನ್ಸರ್ ಬೇಕು ಅನ್ನುವವರು ಯಾರಿದ್ದಾರೆ?

ಮೊತ್ತ ಎಷ್ಟು ಅಂತ ನೀವೇ ಕಲ್ಪಿಸಿಕೊಳ್ಳಬೇಡಿ, ಸಂಸ್ಥೆ ಕೊಟ್ಟ ಸಂಖ್ಯೆ ಬಳಸಿ. ಅದು ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯದು. 1971ರ ಕಾಯ್ದೆ ಎನ್‌ಸಿಐಗೆ ಒಂದು ವಿಶೇಷ ಅಧಿಕಾರ ಕೊಟ್ಟಿದೆ. ನಮಗೆ ನಿಜವಾಗಿ ಇಷ್ಟು ಬೇಕು ಎಂಬ ಲೆಕ್ಕವನ್ನು ಅದು ಮಧ್ಯದ ಅಧಿಕಾರಿಗಳನ್ನು ದಾಟಿ ನೇರ ಅಧ್ಯಕ್ಷರಿಗೆ ಕೊಡಬಹುದು. ಬೈಪಾಸ್ ಬಜೆಟ್ ಅಂತ ಅದಕ್ಕೆ ಹೆಸರು. ಆ ವರ್ಷದ ಲೆಕ್ಕ ಹೊರಬಂದಿದ್ದರೆ ಒಮ್ಮೆ ಕಣ್ಣಾಡಿಸಿ ಹೋಗಿ.

ಇಲ್ಲಿ ನಿಮಗಾಗಿ ಕೋಟಿಗಳಲ್ಲಿ ಬರೆದಿದ್ದೇನೆ. ಅಲ್ಲಿ ಬಿಲಿಯನ್‌ನಲ್ಲೇ ಹೇಳಬೇಕು. ನೂರು ಕೋಟಿ ಅಂದರೆ ಒಂದು ಬಿಲಿಯನ್. ಗಡಿಬಿಡಿಯಲ್ಲಿ ಒಂದು ಸೊನ್ನೆ ಆಚೀಚೆ ಆಗುವುದು ಬಹಳ ಸುಲಭ, ಕೈಯಲ್ಲಿರುವ ಹಾಳೆಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ.

ಇನ್ನೊಂದು ಮನೆಪಾಠ. ಎನ್‌ಐಎಚ್ ರಿಪೋರ್ಟರ್ ಎಂಬ ಸಾರ್ವಜನಿಕ ದತ್ತಾಂಶ ಇದೆ. ಯಾವ ಕ್ಷೇತ್ರದ ಯಾವ ಸಂಸ್ಥೆಗೆ ಎಷ್ಟು ಅನುದಾನ ಬಂದಿದೆ ಅಂತ ಅಲ್ಲಿ ನೋಡಬಹುದು. ನಿಮ್ಮ ಕ್ಷೇತ್ರದ ಮೊತ್ತ ತೆಗೆದುಕೊಂಡು ಹೋಗಿ. ನಿಮ್ಮ ಜಿಲ್ಲೆಯ ಲ್ಯಾಬಿನಲ್ಲಿ ಇಷ್ಟು ಜನ ಈ ಹಣದಿಂದ ಕೆಲಸ ಮಾಡುತ್ತಿದ್ದಾರೆ ಎಂದರೆ ಖರ್ಚು ಕಡಿತದ ಪರ ಇರುವ ಸದಸ್ಯರೂ ಪೆನ್ನು ಎತ್ತಿಕೊಳ್ಳುತ್ತಾರೆ.

6. ಕತೆಯನ್ನು ಒಂದೂವರೆ ನಿಮಿಷಕ್ಕೆ ಇಳಿಸಿ

ನಮ್ಮ ಮನೆಗಳಲ್ಲಿ ಕ್ಯಾನ್ಸರ್ ಅಂತ ಬಾಯಿಬಿಟ್ಟು ಹೇಳದೆ "ಆ ಕಾಯಿಲೆ" ಅನ್ನುವುದೇ ಜಾಸ್ತಿ. ಹಾಗಾಗಿ ಮೊದಲ ನಿಯಮ: ಕತೆ ನಿಮ್ಮದಲ್ಲದಿದ್ದರೆ ಯಾರದ್ದೋ ಅವರ ಒಪ್ಪಿಗೆ ಕೇಳಿ. ಅತ್ತೆಯ ಕಾಯಿಲೆಯನ್ನು ವಾಷಿಂಗ್ಟನ್ನಿನಲ್ಲಿ ಹೇಳಿ, ಅದು ಫೋಟೋ ಸಮೇತ ಮನೆಯ ವಾಟ್ಸಾಪ್ ಗುಂಪಿಗೆ ಬಂದರೆ ಕಷ್ಟ.

ಕತೆಯಲ್ಲಿ ಯಾರು, ಯಾವ ಕ್ಯಾನ್ಸರ್, ಯಾವಾಗ, ಯಾವ ಚಿಕಿತ್ಸೆಯಿಂದ ಏನಾಯಿತು ಅಥವಾ ಯಾವ ಚಿಕಿತ್ಸೆ ಇಲ್ಲದೆ ಏನಾಯಿತು, ಇಷ್ಟಿದ್ದರೆ ಸಾಕು. ಡಾಕ್ಟರುಗಳ ಹೆಸರು, ವಿಮೆಯ ಗೋಳು, ಎಷ್ಟು ಆಸ್ಪತ್ರೆ ಸುತ್ತಿದಿರಿ ಎಂಬುದು ಬೇಡ. ಕೊನೆಯ ವಾಕ್ಯ ಬೇಡಿಕೆಗೆ ಕೊಂಡಿ ಹಾಕಬೇಕು. ಮೊಬೈಲಿನಲ್ಲಿ ಸಮಯ ಇಟ್ಟುಕೊಂಡು ಜೋರಾಗಿ ಓದಿ ನೋಡಿ.

ಅಮ್ಮನಿಗೆ ಚಿಕಿತ್ಸೆ ಆಗಿದ್ದು ಬೆಂಗಳೂರಲ್ಲಿ ಎಂಬ ಪ್ರಶ್ನೆಗೆ ಬರೋಣ. ನಡೆಯುತ್ತದೆ, ಆದರೆ ಕೊಂಡಿ ಬೇಕು. ಸ್ತನ ಅಥವಾ ಅಂಡಾಶಯದ ಕ್ಯಾನ್ಸರಿಗೆ ಪ್ಯಾಕ್ಲಿಟಾಕ್ಸೆಲ್ ಕೊಟ್ಟಿದ್ದರೆ ಆ ಔಷಧದ ಮೂಲ ಎನ್‌ಸಿಐ ಹಣದಲ್ಲೇ ಇದೆ. ಸಸ್ಯಗಳಲ್ಲಿ ಕ್ಯಾನ್ಸರ್ ಔಷಧ ಹುಡುಕುವ ಎನ್‌ಸಿಐ ಕಾರ್ಯಕ್ರಮಕ್ಕಾಗಿ 1962ರಲ್ಲಿ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಮರದ ತೊಗಟೆ ಸಂಗ್ರಹಿಸಿದರು. ನಾರ್ತ್ ಕೆರೊಲಿನಾದಲ್ಲಿ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದೂರ್‌ಬಾರಿನಿಂದ ಬಂದ ಮನ್‌ಸುಖ್ ವಾಣಿ 1971ರಲ್ಲಿ ಆ ತೊಗಟೆಯಲ್ಲಿದ್ದ ಔಷಧದ ರಾಸಾಯನಿಕ ರಚನೆ ಬಿಡಿಸಿ ಪ್ರಕಟಿಸಿದರು. ಔಷಧವಾಗಿ ಅನುಮತಿ ಸಿಕ್ಕಿದ್ದು 1992ರ ಕೊನೆಗೆ. ತೊಗಟೆಯಿಂದ ಔಷಧಕ್ಕೆ ಮೂವತ್ತು ವರ್ಷ. "ಇಲ್ಲಿಯ ತೆರಿಗೆ ಹಣದಲ್ಲಿ ಸಿಕ್ಕ ಔಷಧ ನನ್ನ ತಾಯಿಯನ್ನು ಉಳಿಸಿತು, ನಾನು ಈಗ ನಿಮ್ಮ ಜಿಲ್ಲೆಯಲ್ಲಿ ತೆರಿಗೆ ಕಟ್ಟುತ್ತಿದ್ದೇನೆ" ಎಂದು ಹೇಳಿ. ಒಂದು ವರ್ಷ ಹಣ ನಿಂತರೆ ಎಷ್ಟು ಹಿಂದೆ ಬೀಳುತ್ತೇವೆ ಅನ್ನುವುದನ್ನೂ ಇದೇ ಕತೆಯಿಂದ ಹೇಳಬಹುದು.

ಅಂಕಿಅಂಶ ಒಂದು ಸಾಕು. ಅಮೆರಿಕದಲ್ಲಿ ಕ್ಯಾನ್ಸರ್ ಸಾವಿನ ಪ್ರಮಾಣ 1991ರಿಂದ 2022ರ ಹೊತ್ತಿಗೆ ಶೇ. 34 ಇಳಿದಿದೆ. ಧೂಮಪಾನ ಕಡಿಮೆಯಾದದ್ದೂ ಅದಕ್ಕೆ ದೊಡ್ಡ ಕಾರಣ, ಎಲ್ಲವನ್ನೂ ಔಷಧದ ಖಾತೆಗೆ ಹಾಕಬೇಡಿ. ಎದುರಿಗೆ ಕೂತವರಿಗೆ ಗೊತ್ತಿರುತ್ತದೆ.

7. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ

ಊರಲ್ಲಿ ಎಂಎಲ್‌ಎ ಮನೆ ಮುಂದೆ ಬೆಳಗ್ಗೆ ಅರ್ಜಿ ಹಿಡಿದು ನಿಂತ ಹಾಗೆ ಇಲ್ಲಿ ನಡೆಯುವುದಿಲ್ಲ. ಸಂಸ್ಥೆ ಮಾಡಿಕೊಡದಿದ್ದರೆ ಸದಸ್ಯರ ವೆಬ್‌ಸೈಟಿನಲ್ಲಿ ಭೇಟಿಯ ಫಾರ್ಮ್ ಇರುತ್ತದೆ. ಮೂರು ನಾಲ್ಕು ವಾರ ಮೊದಲೇ ತುಂಬಿ. ವೇಳಾಪಟ್ಟಿ ನೋಡಿಕೊಳ್ಳುವ ಸಿಬ್ಬಂದಿಯನ್ನು ಸ್ಕೆಡ್ಯೂಲರ್ ಅನ್ನುತ್ತಾರೆ. ಉತ್ತರ ಬರದಿದ್ದರೆ ವಾರ ಬಿಟ್ಟು ಫೋನ್ ಮಾಡಿ. ಕ್ಯಾಪಿಟಲ್‌ನ ಸ್ವಿಚ್‌ಬೋರ್ಡ್ 202-224-3121, ಯಾರ ಕಚೇರಿಗೆ ಬೇಕಾದರೂ ಜೋಡಿಸುತ್ತಾರೆ.

ಕಾಗದ ಅಂಚೆಗೆ ಹಾಕಬೇಡಿ. 2001ರಲ್ಲಿ ಯಾರೋ ಅಂಚೆಯಲ್ಲಿ ಆಂಥ್ರಾಕ್ಸ್ ಎಂಬ ಮಾರಕ ರೋಗಾಣು ಕಳಿಸಿದ ಪ್ರಕರಣದ ನಂತರ ಕಾಂಗ್ರೆಸ್ಸಿಗೆ ಬರುವ ಅಂಚೆಯನ್ನೆಲ್ಲ ಬೇರೆ ಕಡೆ ತಪಾಸಣೆ ಮಾಡಿ ಕಳಿಸುತ್ತಾರೆ. ನಿಮ್ಮ ಪತ್ರ ತಲುಪುವ ಹೊತ್ತಿಗೆ ಮಸೂದೆ ಮುಂದೆ ಹೋಗಿರುತ್ತದೆ.

8. ಆ ದಿನ

ಸೆನೆಟ್ ಕಚೇರಿಗಳು ಒಂದು ಪಕ್ಕ, ಹೌಸ್ ಕಚೇರಿಗಳು ಇನ್ನೊಂದು ಪಕ್ಕ, ಮಧ್ಯೆ ಕ್ಯಾಪಿಟಲ್. ಹೌಸ್ ಕಡೆಗೆ ಮೆಟ್ರೋದಲ್ಲಿ ಕ್ಯಾಪಿಟಲ್ ಸೌತ್ ನಿಲ್ದಾಣ, ಸೆನೆಟ್ ಕಡೆಗೆ ಯೂನಿಯನ್ ಸ್ಟೇಷನ್. ಎರಡರ ನಡುವೆ ನಡೆಯಲು ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಹೊಸ ಚಪ್ಪಲಿ, ಎತ್ತರದ ಹೀಲ್ಸ್ ಬೇಡ. ಸೀರೆ ಉಟ್ಟರೆ ತಪ್ಪೇನಿಲ್ಲ, ಓಡುವಂತಿರಲಿ.

ಹೌಸ್ ಕೊಠಡಿ ಸಂಖ್ಯೆ ಓದುವ ಗುಟ್ಟು ಇದೆ. ಮೂರೇ ಅಂಕಿ ಇದ್ದರೆ ಕ್ಯಾನನ್ ಕಟ್ಟಡ. ನಾಲ್ಕು ಅಂಕಿ, 1ರಿಂದ ಶುರುವಾದರೆ ಲಾಂಗ್‌ವರ್ತ್, 2ರಿಂದ ಆದರೆ ರೇಬರ್ನ್. ಒಳಗೆ ಹೋಗಲು ಪಾಸ್ ಬೇಡ, ಏರ್‌ಪೋರ್ಟಿನ ಥರ ತಪಾಸಣೆ ಇರುತ್ತದೆ. ಸಾಲು ಉದ್ದ ಇರುವುದುಂಟು, ಅರ್ಧ ಗಂಟೆ ಮೊದಲೇ ಬನ್ನಿ. ಉಡುಗೊರೆ ತರಬೇಡಿ. ಮೈಸೂರು ಪಾಕ್ ಡಬ್ಬಿ ಕೂಡ ಬೇಡ, ಉಡುಗೊರೆಗೆ ಕಟ್ಟುನಿಟ್ಟಿನ ನಿಯಮಗಳಿವೆ, ಅವರಿಗೂ ಮುಜುಗರ.

9. ಕೊಠಡಿಯೊಳಗೆ

ಸದಸ್ಯರು ಸಿಗದೇ ಇರಬಹುದು. ಗಂಟೆ ಬಾರಿಸಿ ಗೋಡೆ ಗಡಿಯಾರದ ದೀಪಗಳು ಹತ್ತಿದರೆ ಮತದಾನ ಶುರುವಾಗಿದೆ ಅಂತ ಅರ್ಥ, ಮಾತಿನ ಮಧ್ಯೆ ಎದ್ದು ಹೋಗುತ್ತಾರೆ. ಹೆಚ್ಚಾಗಿ ನಿಮ್ಮೆದುರು ಕೂರುವುದು ಆರೋಗ್ಯ ವಿಷಯ ನೋಡಿಕೊಳ್ಳುವ ಲೆಜಿಸ್ಲೇಟಿವ್ ಅಸಿಸ್ಟೆಂಟ್, ಇಪ್ಪತ್ತೈದರ ಆಸುಪಾಸಿನ ಹುಡುಗಿ ಅಥವಾ ಹುಡುಗ. ಕುರ್ಚಿ ಸಿಗದೆ ಕಾರಿಡಾರಿನಲ್ಲೇ ನಿಂತು ಮಾತಾಡಬೇಕಾಗಬಹುದು. "ನಮ್ಮನ್ನು ಮಕ್ಕಳ ಜೊತೆ ಕೂರಿಸಿದರು" ಅಂತ ಮುಖ ಸಣ್ಣ ಮಾಡಿಕೊಳ್ಳಬೇಡಿ. ಸದಸ್ಯರಿಗೆ ಎರಡು ಸಾಲಿನ ಟಿಪ್ಪಣಿ ಬರೆಯುವವರು ಇವರೇ. ಸಹಿ ಹಾಕಿ ಅಥವಾ ಬೇಡ ಅಂತ ಸಲಹೆ ಕೊಡುವವರೂ ಇವರೇ.

ಇಪ್ಪತ್ತು ನಿಮಿಷ ಸಿಕ್ಕರೆ ಪುಣ್ಯ. ಯಾರು ಪರಿಚಯ ಮಾಡಿಸುತ್ತಾರೆ, ಯಾರು ಕತೆ ಹೇಳುತ್ತಾರೆ, ಯಾರು ಬೇಡಿಕೆ ಇಡುತ್ತಾರೆ, ಯಾರು ಬರೆದುಕೊಳ್ಳುತ್ತಾರೆ ಅಂತ ಹೊರಗೇ ತೀರ್ಮಾನಿಸಿ. ಸದಸ್ಯರು ಹಿಂದೆ ಏನಾದರೂ ಒಳ್ಳೆಯದಕ್ಕೆ ಮತ ಹಾಕಿದ್ದರೆ ಅದಕ್ಕೆ ಥ್ಯಾಂಕ್ಸ್ ಹೇಳಿ ಶುರು ಮಾಡಿ. ಐದನೇ ನಿಮಿಷದೊಳಗೆ ಬೇಡಿಕೆ ಬಂದಿರಬೇಕು. ಮತದಾನದ ಗಂಟೆ ಹೊಡೆದರೆ ಕತೆ ನಿಂತರೂ ಪರವಾಗಿಲ್ಲ, ಬೇಡಿಕೆ ನಿಲ್ಲಬಾರದು.

ಕೇಳಿದ ಮೇಲೆ ಸುಮ್ಮನಿರಿ. ಇದು ನಮ್ಮವರಿಗೆ ತುಂಬಾ ಕಷ್ಟ. ಎದುರಿನವರು ಯೋಚಿಸುವ ಹೊತ್ತಲ್ಲಿ ನಾವೇ "ನಿಮಗೆ ಕಷ್ಟ ಆಗಬಹುದು, ಗೊತ್ತಾಗುತ್ತೆ" ಅಂತ ಬಾಯಿ ಹಾಕಿ ಅವರಿಗೆ ತಪ್ಪಿಸಿಕೊಳ್ಳುವ ದಾರಿ ತೋರಿಸುತ್ತೇವೆ.

ಉತ್ತರಗಳನ್ನು ಓದುವುದು ಕಲಿಯಿರಿ. "ನಮ್ಮ ಬಾಸ್ ಸಂಶೋಧನೆಗೆ ಯಾವತ್ತೂ ಬೆಂಬಲ" ಅಂದರೆ ಅದು ಹೌದು ಅಲ್ಲ. "ಹಾಗಾದರೆ ಈ ಪತ್ರಕ್ಕೆ ಸಹಿ ಹಾಕುತ್ತಾರಾ?" ಅಂತ ಮತ್ತೆ ಕೇಳಿ. "ನೋಡ್ತಿದ್ದೇವೆ" ಅಂದರೆ ಯಾವಾಗ ತಿಳಿಸುತ್ತೀರಿ ಅಂತ ದಿನ ಕೇಳಿ. "ದೇಶದ ಸಾಲ ಜಾಸ್ತಿ ಆಗಿದೆ" ಅಂದರೆ ವಾದಕ್ಕೆ ಇಳಿಯಬೇಡಿ, ನಿಮ್ಮ ಜಿಲ್ಲೆಗೆ ಬರುವ ಅನುದಾನದ ಹಾಳೆ ಮುಂದಿಡಿ. "ಇಲ್ಲ" ಅಂದರೆ ಯಾಕೆ ಅಂತ ಕೇಳಿ ಬರೆದುಕೊಳ್ಳಿ. ಸಂಸ್ಥೆಗೆ ಸ್ಪಷ್ಟವಾದ ಇಲ್ಲ ಕೂಡ ಬಹಳ ಉಪಯೋಗ.

ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲ, ಕೇಳಿ ತಿಳಿಸುತ್ತೇನೆ ಅನ್ನಿ. ಮತ್ತೊಮ್ಮೆ ಇಮೇಲ್ ಬರೆಯಲು ನೆಪವೂ ಸಿಕ್ಕಿತು. ಪಕ್ಷದ ಮಾತು, ಅಧ್ಯಕ್ಷರ ಬಗ್ಗೆ ಟೀಕೆ, ಹಿಂದೆ ಕೊಟ್ಟ ದೇಣಿಗೆ, ಮುಂದೆ ಕೊಡುವ ಓಟು, ಇವ್ಯಾವುದೂ ಬೇಡ. ಕೇಳಿಯೇ ಫೋಟೋ ತೆಗೆಯಿರಿ. ಹೊರಡುವಾಗ ಒಂದು ಪುಟದ ಹಾಳೆ ಬಿಟ್ಟು, ವಿಸಿಟಿಂಗ್ ಕಾರ್ಡ್ ತೆಗೆದುಕೊಂಡು ಬನ್ನಿ. ಹತ್ತು ಪುಟದ ಫೈಲ್ ಕೊಟ್ಟರೆ ಅದು ಓದದೆ ಮೂಲೆ ಸೇರುತ್ತದೆ.

10. ವಾಷಿಂಗ್ಟನ್ನಿಗೆ ಹೋಗಲಾಗದಿದ್ದರೆ

ಚಿಂತೆ ಇಲ್ಲ. ಪ್ರತಿ ಸದಸ್ಯರಿಗೂ ಊರಲ್ಲಿ ಕಚೇರಿ ಇದೆ. ಆಗಸ್ಟ್‌ನಲ್ಲಿ ಅಲ್ಲಿ ಸದಸ್ಯರೇ ಸಿಗುವ ಸಾಧ್ಯತೆ ಜಾಸ್ತಿ, ಗದ್ದಲವೂ ಕಡಿಮೆ. ನನ್ನ ಲೆಕ್ಕದಲ್ಲಿ ಮಕ್ಕಳು, ಕೆಲಸ ಎಲ್ಲ ಇರುವವರಿಗೆ ಇದೇ ವಾಸಿ. ಫೋನ್ ಮಾಡುವುದಾದರೆ ಹೆಸರು, ಜಿಪ್ ಕೋಡ್, ಬೇಡಿಕೆ ಹೇಳಿ ಇಡಿ, ಒಂದು ನಿಮಿಷ ಸಾಕು. ರಾತ್ರಿ ವಾಯ್ಸ್‌ಮೇಲ್ ಬಿಟ್ಟರೂ ಆದೀತು. ಸಂಸ್ಥೆ ಬರೆದುಕೊಟ್ಟ ಇಮೇಲನ್ನು ಹಾಗೇ ಒತ್ತಿ ಕಳಿಸಿದರೆ ಇನ್ನೊಂದು ಲೆಕ್ಕವಾಗಿ ಸೇರುತ್ತದೆ ಅಷ್ಟೆ. ಮೊದಲ ಎರಡು ಸಾಲನ್ನು ನಿಮ್ಮ ಮಾತಲ್ಲಿ ಬದಲಾಯಿಸಿ.

11. ವಾಪಸ್ ಬಂದ ಮೇಲೆ

ಎರಡು ದಿನದೊಳಗೆ ಥ್ಯಾಂಕ್ಸ್ ಇಮೇಲ್ ಹೋಗಬೇಕು. ಅದರಲ್ಲಿ ಬೇಡಿಕೆಯನ್ನು ಮತ್ತೆ ಒಂದು ಸಾಲಲ್ಲಿ ಬರೆಯಿರಿ, ಅವರು ಕೇಳಿದ ಮಾಹಿತಿ ಸೇರಿಸಿ. ಏನು ನಡೆಯಿತು ಅಂತ ಸಂಸ್ಥೆಗೆ ವರದಿ ಕೊಡಿ. ಅವರ ಸಂಬಳದ ಲಾಬಿಯಿಸ್ಟ್‌ಗಳು ನಿಮ್ಮ ಟಿಪ್ಪಣಿ ಹಿಡಿದೇ ಮುಂದಿನ ಸಲ ಆ ಕಚೇರಿಗೆ ಹೋಗುತ್ತಾರೆ.

ಎರಡು ವಾರ ಬಿಟ್ಟು ಉತ್ತರ ಏನಾಯಿತು ಅಂತ ಕೇಳಿ. ಸಹಿ ಹಾಕಿದ್ದರೆ ಊರಿನ ಪತ್ರಿಕೆಗೆ ಸದಸ್ಯರ ಹೆಸರು ಹಾಕಿ ನಾಲ್ಕು ಸಾಲಿನ ಮೆಚ್ಚುಗೆ ಪತ್ರ ಬರೆಯಿರಿ. ಕಚೇರಿಯವರು ತಮ್ಮ ಸದಸ್ಯರ ಹೆಸರು ಬಂದ ಕಡೆಯೆಲ್ಲ ಕಣ್ಣಿಟ್ಟಿರುತ್ತಾರೆ.

ಕೊನೆಗೆ ಮಸೂದೆ ಪಾಸಾದಾಗ ಎನ್‌ಸಿಐ ಸಾಲಿನಲ್ಲಿ ಯಾವ ಸಂಖ್ಯೆ ಬಂತು ನೋಡಿ. ಹಿಂದಿನ ವರ್ಷದಷ್ಟೇ ಇದ್ದರೆ ಅದು ಕಡಿತವೇ, ಬೆಲೆ ಏರಿಕೆ ಅಷ್ಟನ್ನು ತಿಂದಿರುತ್ತದೆ. ಆ ಸಂಖ್ಯೆ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷದ ಬೇಡಿಕೆ ಫಾರ್ಮ್‌ಗಳು ಚಳಿಗಾಲ ಮುಗಿಯುವ ಮೊದಲೇ ತೆರೆದುಕೊಳ್ಳುತ್ತವೆ. ಅಷ್ಟರಲ್ಲಿ ನೀವು ಭೇಟಿ ಮಾಡಿದ ಆ ಸಿಬ್ಬಂದಿ ಕೆಲಸ ಬಿಟ್ಟು ಹೋಗಿರಲೂಬಹುದು, ಅಲ್ಲಿ ಜನ ಬೇಗ ಬದಲಾಗುತ್ತಾರೆ. ಜನವರಿಯಲ್ಲಿ ಒಂದು ಫೋನ್ ಮಾಡಿ ಈಗ ಆರೋಗ್ಯ ವಿಷಯ ಯಾರ ಕೈಯಲ್ಲಿದೆ ಅಂತ ಕೇಳಿಟ್ಟುಕೊಳ್ಳಿ.